ಬಟ್ಟಲಿಗೊಂದು ಡೋಸ್

೧೯೩೬ನೇ ಇಸವಿ, ಸೆಪ್ಟೆಂಬರ್ ೧೪, ಸೋಮವಾರ. ಮಧ್ಯಾಹ್ನ ನಾಲ್ಕೂಕಾಲು ಗಂಟೆ.

ಸುಲಭಾ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಔಷಧದ ಬಾಟಲಿಗೆ ನೀರು ಹಾಕುತ್ತಿದ್ದಳು. ಒಂದು ಕಣ್ಣು ತಂಬಿಗೆಯ ಮೇಲೆ, ಇನ್ನೊಂದು ಕಣ್ಣು ಹೊಸ್ತಿಲ ಮೇಲೆ.

ಬಾಟಲಿಯ ಮೈಗೆ ಉದ್ದನೆಯ ಕಾಗದದ ಪಟ್ಟಿ ಅಂಟಿಸಿತ್ತು. ದವಾಖಾನೆಯ ಕಂಪೌಂಡರ್ ಅದರ ಅಂಚನ್ನು ಬಾಚಣಿಗೆಯ ಹಲ್ಲಿನ ಹಾಗೆ ಕತ್ತರಿಸಿದ್ದ. ಒಂದು ಹಲ್ಲು ಅಂದರೆ ಒಂದು ಡೋಸ್, ಬಾಟಲಿ ತುಂಬ ಎಂಟು ಔನ್ಸು. ಔಷಧ ಎಷ್ಟು ಇಳಿಯಬೇಕಾಗಿತ್ತೋ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಸುಲಭಾ ಹನಿಹನಿಯಾಗಿ ನೀರು ಬಿಟ್ಟು, ಅದನ್ನು ಸರಿಯಾದ ಹಲ್ಲಿಗೆ ಏರಿಸಿದಳು. ಮೇಲೆ ತೇಲುತ್ತಿದ್ದ ತುಳಸಿ ಎಲೆಯೂ ಜೊತೆಗೆ ಏರಿತು.

“ಅಕ್ಕಾ, ಏನ್ ಮಾಡ್ಲಿಕ್ಕತ್ತೀ?” ಒಳಗಿನಿಂದ ಅವಧೂತ ಕೂಗಿದ. ಅವನಿಗೆ ಆರು ವರ್ಷ.

“ನಿನ್ನ ಡೋಸ್ ತರ್ಲಿಕ್ಕತ್ತೀನಿ. ಬಾಯಿ ತಗಿ.”

ಅವಧೂತ ಕೌದಿಯೊಳಗಿಂದ ಮೂತಿ ಹೊರಗೆ ಹಾಕಿದ. ಗುರುವಾರ ಇದೇ ಔಷಧ ಕುಡಿಸಲು ಅಪ್ಪ ಕಾಲು ಹಿಡಿದು, ಅವ್ವ ಕೈ ಹಿಡಿದು, ಅಜ್ಜಿ ಮೂಗು ಹಿಡಿದಿದ್ದರು. ಅಷ್ಟು ಕಹಿ. ಇವತ್ತು ಅವನು ಗಟಗಟ ಕುಡಿದು, ತುಟಿ ನೆಕ್ಕಿಕೊಂಡ.

“ಭಾಳ ಛಲೋ ಅದ ಅಕ್ಕಾ! ಕಹೀನೇ ಇಲ್ಲ. ಇನ್ನೊಂದಿಷ್ಟು ಕೊಡು.”

ಸುಲಭಾ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದಳು.

ಅದೇ ಹೊತ್ತಿಗೆ ಅವಧೂತನ ಹಲ್ಲು ಕಟಕಟ ಎನ್ನತೊಡಗಿದವು. ದಿನ ಬಿಟ್ಟು ದಿನ ಬರುವ ಚಳಿಜ್ವರ ಮತ್ತೆ ಬಂದಿತ್ತು. ಅವ್ವ ಓಡಿ ಬಂದು ಇನ್ನೊಂದು ಕೌದಿ ಹೊದಿಸಿದಳು.

“ಇಷ್ಟೊತ್ತಿಗೆ ಜ್ವರ ಬಿಡ್ತದಂತ ಡಾಕ್ಟರಬಾಯಿ ಹೇಳಿದ್ರಲ್ಲ! ಡೋಸ್ ತಪ್ಪಿಸಿಲ್ಲ ಹೌದಿಲ್ಲೋ ಸುಲಭಾ?”

“ಇಲ್ಲವ್ವಾ. ಒಂದೂ ತಪ್ಪಿಸಿಲ್ಲ” ಎಂದಳು ಸುಲಭಾ. ಅದು ನಿಜವೇ ಆಗಿತ್ತು. ಅದಕ್ಕೇ ಇನ್ನೂ ಕೆಟ್ಟದೆನಿಸಿತು.

ಇದೆಲ್ಲ ಶುರುವಾದದ್ದು ಒಂದು ಬಟ್ಟಲಿನಿಂದ.

ಪುಣೆಯ ಸದಾಶಿವ ಪೇಠದ ಆ ವಾಡೆಯಲ್ಲಿ ಹತ್ತು ಬಿಡಾರ. ಒಂದೇ ಅಂಗಳ, ಒಂದೇ ನಲ್ಲಿ. ಒಬ್ಬರ ಮನೆಯಲ್ಲಿ ಹೋಳಿಗೆ ಬೆಂದರೆ ಹತ್ತು ಮನೆಗೆ ವಾಸನೆ, ಹತ್ತು ಮನೆಗೆ ಪಾಲು. ಧಾರವಾಡದಿಂದ ಬಂದ ಅಜ್ಜಿ ಮೊದಲ ದಿನವೇ ಹೇಳಿಕೊಟ್ಟಿದ್ದಳು: “ಮಂದಿ ಬಟ್ಟಲಾ ಖಾಲಿ ತಿರುಗಿ ಕೊಡಬಾರದು, ತಂಗೀ. ಏನೂ ಇರದಿದ್ರ ಒಂದು ಚಿಟಿಕಿ ಸಕ್ಕರಿ ಆದ್ರೂ ಹಾಕಬೇಕು.”

ಶುಕ್ರವಾರ ಮೆಟ್ಟಿಲ ಕೆಳಗಿನ ಖೋಲಿಯ ಕೃಷ್ಣಾಬಾಯಿ ಬಟ್ಟಲಲ್ಲಿ ಶೇಂಗಾ ಚಟ್ನಿ ತಂದಿದ್ದಳು. ಬೆಳಗಾವಿ ಕಡೆಯವಳು, ಒಬ್ಬಳೇ ಇರುತ್ತಾಳೆ, ನಾಲ್ಕು ಮನೆಗಳ ಅಡುಗೆ ಮಾಡುತ್ತಾಳೆ. ಅವ್ವ ನಲ್ಲಿಯ ಹತ್ತಿರ ಇದ್ದಳು. ಸುಲಭಾ ಡಬ್ಬಿಗಳನ್ನೆಲ್ಲ ತಡಕಿದಳು. ಸಕ್ಕರೆ ಮುಗಿದಿತ್ತು.

“ಇರ್ಲಿ ಬಿಡವಾ” ಎಂದಳು ಕೃಷ್ಣಾಬಾಯಿ. ಅವಳ ಕಣ್ಣು ಬಾಟಲಿಯ ಮೇಲಿತ್ತು. “ಅದು ಅಮೆರಿಕಾದ ಬಾಯೀ ಕೊಟ್ಟ ಔಷಧ ಏನು? ಒಂದೇ ಒಂದು ಡೋಸ್ ಹಾಕ್ತೀ? ಮೊಣಕಾಲು ಭಾಳ ನೋಯ್ತದ.”

ಬಟ್ಟಲು ಖಾಲಿ ಹೋಗಲಿಲ್ಲ. ಸುಲಭಾಳಿಗೆ ಸಮಾಧಾನವಾಯಿತು.

ವಾಡೆಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಸಂಜೆಗೆ ಕಾಲೇಜು ಓದುವ ಹರಿಶ್ಚಂದ್ರ ಬಟ್ಟಲಲ್ಲಿ ಪೆಪ್ಪರಮಿಂಟು ಹಿಡಿದು ಬಂದ. “ಪರೀಕ್ಷಾ ಬಂತು ಸುಲಭಾ. ಅಮೆರಿಕಾದವ್ರು ಭಾಳ ಶ್ಯಾಣ್ಯಾರು. ಅವರ ಔಷಧ ತಲೀಗೂ ಛಲೋನೇ ಇರಬೇಕು.” ಮರುದಿನ ವಾಡೆಯ ಮಾಲಕ ಅಪ್ಪಾಸಾಹೇಬರೇ ಬಂದರು. ಅಂಗಳದ ಪೇರಲ ಮರದ ಒಂದು ಹಣ್ಣನ್ನೂ ಯಾರಿಗೂ ಮುಟ್ಟಗೊಡದ ಮನುಷ್ಯ, ಬಟ್ಟಲ ತುಂಬ ಪೇರಲ ತಂದಿದ್ದರು! ಅವರ ತಾಯಿ ಕನ್ನಡದವರು. ಹಾಗಾಗಿ ಅವರ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. “ಹೊಟ್ಟಿ ಜರಾ ಜಡ ಆಗ್ಯದ, ಬಾಳಾ. ಯಾರಿಗೂ ಹೇಳಬ್ಯಾಡ.” ಅವರ ಹಿಂದೆ ಇನ್ನೂ ನಾಲ್ಕಾರು ಬಟ್ಟಲು ಬಂದವು.

ಮನೆಗೆ ಮಂದಿ ಬಂದರೆ ಅವ್ವ ಸಾರಿಗೆ ಒಂದು ತಂಬಿಗೆ ನೀರು ಹಾಕುತ್ತಿದ್ದಳು. ಸಾರು ಎಲ್ಲರಿಗೂ ಸಾಲುತ್ತಿತ್ತು. ಸುಲಭಾ ಮಾಡಿದ್ದೂ ಅಷ್ಟೇ. ಹಲ್ಲಿನ ಗುರುತಿಗೆ ಔಷಧ ಸರಿಯಾಗಿ ಇದ್ದರೆ ಎಲ್ಲವೂ ಸರಿ ಎಂದುಕೊಂಡಿದ್ದಳು. ಮೂರು ದಿನ ಅವಳೇ ವಾಡೆಯ ರಾಣಿ.

ಈಗ ರಾಣಿ ಮೂಲೆಯಲ್ಲಿ ಕುಳಿತು ಉಗುರು ಕಚ್ಚುತ್ತಿದ್ದಳು.

ಸಂಜೆ ಡಾಕ್ಟರಬಾಯಿ ಸೈಕಲ್ ಮೇಲೆ ಬಂದರು. ಅಪ್ಪ ಆಫೀಸಿನಿಂದ ನೇರ ದವಾಖಾನೆಗೆ ಹೋಗಿ ಕರೆದಿದ್ದ. ಬೆವರು ಒರೆಸುತ್ತ ಹಿಂದೆ ನಡೆದು ಬಂದ. ಆ ಅಮೆರಿಕಾದ ಬಾಯಿಯ ಹೆಸರು ಮಿಸ್ ಪಾರ್ಕರ್. ಆ ಹೆಸರು ಕೇಳಿ ಅಜ್ಜಿ, “ಪಾರ್ಕರ್ ಅಂದ್ರ ಕೊಂಕಣದ ಕಡೆಯವರೇನು?” ಎಂದು ಕೇಳಿದ್ದಳು. ಪುಣೆಯಲ್ಲಿ ಹನ್ನೆರಡು ವರ್ಷ ಇದ್ದ ಆಕೆ ಮಾತಾಡುತ್ತಿದ್ದುದು ಮರಾಠಿಯೇ. ಆದರೆ ಪುಸ್ತಕ ಓದಿದ ಹಾಗೆ, ಒಂದೊಂದು ಮಾತನ್ನೂ ಒರೆಸಿ ಇಟ್ಟ ಹಾಗೆ.

ಅವಧೂತನ ನಾಡಿ ನೋಡಿದರು. ಹೊಟ್ಟೆ ಒತ್ತಿ ನೋಡಿದರು. ಹುಬ್ಬು ಗಂಟಿಕ್ಕಿದರು.

“ಈ ಔಷಧಕ್ಕೆ ಜ್ವರ ನಿಲ್ಲಲೇಬೇಕಾಗಿತ್ತು. ನಿಂತಿಲ್ಲ ಎಂದರೆ ಸೂಜಿಯಿಂದ ಕೊಡಬೇಕಾಗುತ್ತದೆ. ತುಂಬ ನೋಯುತ್ತದೆ. ಬೇರೆ ದಾರಿ ಇಲ್ಲ.”

ಅವಧೂತ ಕೌದಿಯೊಳಗೆ ಮಾಯವಾದ. “ಸೂಜಿ ಬ್ಯಾಡ! ಡೋಸ್ ಛಲೋ ಅದ! ಡೋಸೇ ಕೊಡ್ರಿ!”

ಬಾಯಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. “ಇದೇನು ಎಲೆ? ನನ್ನ ಕಂಪೌಂಡರ್ ಹಾಕಿದ್ದಲ್ಲ.”

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿಯ ಮುಖ ಸಣ್ಣದಾಯಿತು.

“ನಾನೇ ಹಾಕೀನಿ ಬಾಯೀ. ಯಾವ ನೀರೋ ಏನೋ ಅಂತ... ತುಳಸಿ ಬಿದ್ರ ಶುದ್ಧ ಆಗ್ತದ ಅಂತ...” ಅವಳು ಬಾಟಲಿಯನ್ನೇ ನೋಡಿದಳು. “ಅಯ್ಯ ದೇವರ, ನನ್ನ ಎಲಿ ಔಷಧದ ಗುಣಾ ತಿಂದುಬಿಡ್ತೇನು? ನನ್ನ ಕೂಸಿಗೆ ನಾನೇ...”

ಬಾಯಿಯ ಚೀಲದಿಂದ ಸೂಜಿಯ ಡಬ್ಬಿ ಹೊರಗೆ ಬಂದಿತ್ತು. ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಸುಲಭಾಳಿಗೆ ಎರಡೂ ಒಟ್ಟಿಗೆ ಕಂಡವು.

“ಅಜ್ಜೀದು ಏನೂ ತಪ್ಪಿಲ್ರೀ!” ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. “ಅದು ಔಷಧನೇ ಅಲ್ಲ. ನೀರು. ನಾನು ಹಾಕೀನಿ. ಔಷಧ ಎಲ್ಲಾ ಬಟ್ಟಲದಾಗ ಹೋತು.”

ಬಾಯಿ ಬಾಟಲಿಯಿಂದ ಒಂದು ಹನಿ ಬೆರಳಿಗೆ ಹಾಕಿ ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ಸೂಜಿಯ ಡಬ್ಬಿಯನ್ನು ಮುಚ್ಚಿದರು.

“ಒಳ್ಳೆಯ ನೀರು” ಎಂದರು.

ಅವ್ವ ಕೈ ಎತ್ತಿದಳು. ಅಜ್ಜಿ ನಡುವೆ ಬಂದಳು. “ಹೊಡೀಬ್ಯಾಡ. ಬಟ್ಟಲಾ ಖಾಲಿ ಕೊಡಬ್ಯಾಡ ಅಂದಾಕಿ ನಾನು. ನನಗೇ ಮೊದಲು ಹೊಡಿ.”

ಬಾಯಿ ನಕ್ಕುಬಿಟ್ಟರು. “ನನ್ನ ಅಮ್ಮನೂ ಹೀಗೆಯೇ ಮಾಡುತ್ತಿದ್ದಳು. ಒಬ್ಬರಿಗೆ ಬಂದ ಔಷಧವನ್ನು ಐದು ಮಕ್ಕಳಿಗೂ ಕುಡಿಸುತ್ತಿದ್ದಳು. ಚೂರು ಉಳಿದರೆ ಪಕ್ಕದ ಮನೆಗೆ.”

“ಅಮೆರಿಕಾದಾಗ?” ಬಾಗಿಲಲ್ಲಿ ಇಣುಕುತ್ತಿದ್ದ ಅಪ್ಪಾಸಾಹೇಬರಿಗೆ ನಂಬಿಕೆಯಾಗಲಿಲ್ಲ. “ಅಲ್ಲಿ ಓಣಿಗೊಬ್ಬ ಡಾಕ್ಟರ್ ಇರ್ತಾರಂತಲ್ರಿ!”

“ಡಾಕ್ಟರು ಇದ್ದಾರೆ. ಅವರನ್ನು ಕರೆಯುವ ಶಕ್ತಿ ಎಲ್ಲರಿಗೂ ಇಲ್ಲ. ನನ್ನ ಅಪ್ಪ ಬಡಗಿ. ಡಾಕ್ಟರು ಒಮ್ಮೆ ಬಂದು ಹೋದರೆ ಆ ಚಳಿಗಾಲ ನಮಗೆ ಹೊಸ ಬೂಟು ಇಲ್ಲ. ಹಳ್ಳಿಯವರು ಡಾಕ್ಟರಿಗೆ ಹಣದ ಬದಲು ಆಲೂಗಡ್ಡೆ ಕೊಡುತ್ತಿದ್ದರು. ಕೋಳಿ, ಮೊಟ್ಟೆ ಕೊಡುತ್ತಿದ್ದರು.”

“ರಾಮ ರಾಮ!” ಎಂದಳು ಅಜ್ಜಿ.

“ಬಟ್ಟಲದಾಗ?” ಕೌದಿಯೊಳಗಿಂದ ಅವಧೂತ ಕೇಳಿದ.

“ಬುಟ್ಟಿಯಲ್ಲಿ” ಎಂದರು ಬಾಯಿ. ಆಮೇಲೆ ಸುಲಭಾಳ ಕಡೆ ತಿರುಗಿದರು. “ಈಗ ಹೇಳು. ಯಾರು ಯಾರು ಕುಡಿದರು? ಸುಮ್ಮನೆ ಯಾರೂ ಇಷ್ಟು ಕಹಿ ಕುಡಿಯುವುದಿಲ್ಲ. ಎಲ್ಲರನ್ನೂ ನೋಡುತ್ತೇನೆ.”

ಅಂಗಳದಲ್ಲಿ ಥರ್ಮಾಮೀಟರಿನ ದರಬಾರು ನಡೆಯಿತು. ಬಾಯಲ್ಲಿಟ್ಟರೆ ಎಂಜಲು ಎಂದು ಅಜ್ಜಿ ತಕರಾರು ತೆಗೆದಳು. ಸರಿ, ಬಗಲಲ್ಲಿ ಎಂದಾಯಿತು. “ಅಲುಗಾಡಿದರೆ ಜಾರಿ ಬೀಳುತ್ತದೆ. ಗಾಜು” ಎಂದರು ಬಾಯಿ. ಅಪ್ಪಾಸಾಹೇಬರು ಅಷ್ಟು ಹೊತ್ತು ಸುಮ್ಮನೆ ಕುಳಿತದ್ದನ್ನು ವಾಡೆ ಮೊದಲ ಸಲ ನೋಡಿತು. ಅವರಿಗೆ ಜ್ವರ ಇರಲಿಲ್ಲ. ರಾತ್ರಿಯ ಬಜಿ ಬಿಡಬೇಕಾಯಿತು. ಹರಿಶ್ಚಂದ್ರನಿಗೂ ಜ್ವರ ಇರಲಿಲ್ಲ.

“ನಿನಗೆ ಬೇಕಾದ ಔಷಧ ನನ್ನಲ್ಲಿಲ್ಲ” ಎಂದರು ಬಾಯಿ. “ನಿನ್ನ ಪುಸ್ತಕದಲ್ಲಿದೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಸುಲಭಾ ನಗಲಿಲ್ಲ. ಅವಳು ಮೆಟ್ಟಿಲ ಕೆಳಗಿನ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದಳು. ಉಳಿದವರು ಒಂದೊಂದು ಸಲ ಬಂದಿದ್ದರು. ಕೃಷ್ಣಾಬಾಯಿ ದಿನಾ ಬಂದಿದ್ದಳು. ಶನಿವಾರ ಚಕ್ಕುಲಿ, ಭಾನುವಾರ ಅವಲಕ್ಕಿ. ಒಂದು ದಿನವೂ ಬರಿಗೈಯಲ್ಲಿ ಬಂದಿರಲಿಲ್ಲ.

ಸುಲಭಾ ಹೋಗಿ ಬಾಗಿಲು ತಳ್ಳಿದಳು.

ಕೃಷ್ಣಾಬಾಯಿ ಒಲೆಯ ಮುಂದೆ ಕುಳಿತಿದ್ದಳು. ಸೆಖೆಯಲ್ಲೂ ಮೈಮೇಲೆ ಕಂಬಳಿ. ಲಟ್ಟಣಿಗೆ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಅದೇ ಬಟ್ಟಲು, ಅದರಲ್ಲಿ ನಾಲ್ಕು ಬಿಸಿ ಶಂಕರಪೋಳಿ.

“ಈಗ ಬರೋಳಿದ್ದೆ ತಂಗೀ” ಎಂದಳು. “ಒಂದು ಡೋಸ್ ಉಳದದೇನು?”

“ಮೊಣಕಾಲಲ್ಲ ಹೌದಿಲ್ರೀ?” ಎಂದಳು ಸುಲಭಾ.

ಕೃಷ್ಣಾಬಾಯಿ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡಳು. ಹಿಂದೆಯೇ ಬಂದಿದ್ದ ಡಾಕ್ಟರಬಾಯಿ ಪಕ್ಕದಲ್ಲಿ ಕುಳಿತು, ಥರ್ಮಾಮೀಟರ್ ಜಾಡಿಸಿ ಅವಳ ಬಗಲಲ್ಲಿಟ್ಟರು. ಪಾದರಸ ನೂರಾ ಮೂರಕ್ಕೆ ನಿಂತಿತು.

“ಯಾರಿಗೂ ಹೇಳಬ್ಯಾಡ್ರಿ ಬಾಯೀ” ಕೃಷ್ಣಾಬಾಯಿ ಕೈ ಮುಗಿದಳು. “ಶನಿವಾರ ಗಣಪತಿ. ನಾಲ್ಕೂ ಮನ್ಯಾಗ ಅಡಿಗಿ ಅದ. ಜ್ವರದಾಕಿ ಅಂತ ಗೊತ್ತಾದ್ರ ಬ್ಯಾರೆಯವರನ್ನ ಇಟ್ಕೊಂಡಾರು. ದವಾಖಾನಿಗೆ ಹೋಗಿ ಕೂತ್ರ ಬೆಳಗಿನ ಅಡಿಗಿ ತಪ್ತದ.”

ಬಾಯಿ ಥರ್ಮಾಮೀಟರನ್ನು ಒರೆಸಿ ಡಬ್ಬಿಗೆ ಹಾಕಿದರು.

“ನನ್ನ ಅಪ್ಪನೂ ಕೆಮ್ಮನ್ನು ಹೀಗೆಯೇ ಮುಚ್ಚಿಟ್ಟಿದ್ದರು” ಎಂದರು. “ಕೆಲಸ ಹೋದೀತೆಂದು.”

ಸುಲಭಾ ಶಂಕರಪೋಳಿಯ ಬಟ್ಟಲನ್ನು ನೋಡುತ್ತಿದ್ದಳು. ಚಳಿ ಹಿಡಿದ ಕೈಯಲ್ಲಿ ಲಟ್ಟಿಸಿ, ಕರಿದದ್ದು. ಇಷ್ಟು ದಿನ ಬಂದ ಬಟ್ಟಲನ್ನೆಲ್ಲ ಅವಳು ತಿಂಡಿ ಎಂದುಕೊಂಡಿದ್ದಳು, ಡಾಕ್ಟರಿಗೆ ಕೊಡುವ ಆಲೂಗಡ್ಡೆಯ ಬುಟ್ಟಿ ಎಂದುಕೊಂಡಿರಲಿಲ್ಲ.

ಬಾಗಿಲಲ್ಲಿ ಅವ್ವ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಒಳಗೆ ಬಂದು ಕೃಷ್ಣಾಬಾಯಿಯ ಕೈಯಿಂದ ಲಟ್ಟಣಿಗೆ ತೆಗೆದುಕೊಂಡಳು.

“ಯಾವ ಯಾವ ಮನಿ ಹೇಳ್ರಿ. ಎರಡು ನಾನು ನೋಡ್ತೀನಿ. ಉಳಿದೆರಡು ಅಪ್ಪಾಸಾಹೇಬರ ಸೊಸಿ ನೋಡ್ತಾಳ. ನೀವು ಎದ್ದ ಮ್ಯಾಲೆ ನಿಮ್ಮ ಮನಿ ನಿಮಗ. ಯಾರರೆ ಕಸಗೊಳ್ಳಲಿ ನೋಡೋಣು!”

“ನನ್ನ ಸೊಸಿಗೆ ನೀವೇ ಹೇಳಬೇಕ್ರಿ” ಎಂದರು ಹೊರಗಿನಿಂದ ಅಪ್ಪಾಸಾಹೇಬರು. “ನನ್ನ ಮಾತು ಆಕಿ ಕೇಳೂದಿಲ್ಲ.”

ಮರುದಿನ ಬೆಳಿಗ್ಗೆ ಸುಲಭಾ ಅಪ್ಪನ ಜೊತೆ ಟಾಂಗಾದಲ್ಲಿ ದವಾಖಾನೆಗೆ ಹೋದಳು. ಬಾಟಲಿಯನ್ನು ಮನೆಯಿಂದಲೇ ತರಬೇಕೆಂಬುದು ಅಲ್ಲಿಯ ಪದ್ಧತಿ. ಅವಧೂತನ ಬಾಟಲಿ ಇತ್ತು. ಕೃಷ್ಣಾಬಾಯಿಯ ಹತ್ತಿರ ಬಾಟಲಿಯೇ ಇರಲಿಲ್ಲ. ಅಪ್ಪಾಸಾಹೇಬರು ತಮ್ಮ ತಲೆಯೆಣ್ಣೆಯ ಬಾಟಲಿ ಕೊಟ್ಟಿದ್ದರು. ಸುಲಭಾ ಅದನ್ನು ಬೂದಿ ಹಾಕಿ, ಶೀಗೆಕಾಯಿ ಹಾಕಿ, ಬಿಸಿನೀರು ಹಾಕಿ ತೊಳೆದು, ಮಲ್ಲಿಗೆಯ ವಾಸನೆ ಹೋಗುವ ತನಕ ಬಿಟ್ಟಿರಲಿಲ್ಲ.

ಕಂಪೌಂಡರ್ ಎರಡು ಪಟ್ಟಿ ಕತ್ತರಿಸಿ, ಎರಡು ಬಾಟಲಿಗೂ ಅಂಟಿಸಿದ.

ವಾಡೆಯ ಬಾಗಿಲಲ್ಲೇ ಹರಿಶ್ಚಂದ್ರ ಎದುರಾದ. “ಸುಲಭಾ, ಎರಡು ಬಾಟ್ಲಿ ಆದ್ವಲ್ಲ, ಒಂದೇ ಒಂದು ಹನಿ...”

ಸುಲಭಾ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಅವನು ಪುಸ್ತಕ ಹುಡುಕಿಕೊಂಡು ಹೋದ.

ಮನೆಯಲ್ಲಿ ಮೊದಲ ಡೋಸಿಗೇ ಅವಧೂತ ಚೀರಿದ. “ಥೂ! ಕಹಿ! ವಿಷ!” ಆ ಚೀರಾಟ ಕೇಳಿ ಸುಲಭಾಳಿಗೆ ಎಂದೂ ಆಗದಷ್ಟು ಸಂತೋಷವಾಯಿತು.

ಆಮೇಲೆ ಅವಳು ಇನ್ನೊಂದು ಬಾಟಲಿಯನ್ನೂ ಕೃಷ್ಣಾಬಾಯಿಯ ಬಟ್ಟಲನ್ನೂ ಎತ್ತಿಕೊಂಡು ಮೆಟ್ಟಿಲ ಕೆಳಗಿನ ಖೋಲಿಗೆ ನಡೆದಳು. ಬಟ್ಟಲಲ್ಲಿ ಸಕ್ಕರೆ ಇತ್ತು, ಕಹಿಯಾದ ಮೇಲೆ ಬಾಯಿಗೆ ಹಾಕಿಕೊಳ್ಳಲು.

“ಈ ಸಕ್ಕರಿಗೆ ನಾನೇನು ಹಾಕಿ ಕೊಡಲಿ ತಂಗೀ?” ಮಲಗಿದ್ದ ಕೃಷ್ಣಾಬಾಯಿ ಏಳಲು ನೋಡಿದಳು.

“ಬಟ್ಟಲಾ ನಿಮ್ದೇ ಅದರೀ. ತಿರುಗಿ ಕೊಡೂದು ಬ್ಯಾಡ.”

ಡೋಸ್ ಅಳೆಯುವ ಮೊದಲು ಸುಲಭಾ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಲೆ ಇರಲಿಲ್ಲ, ನೀರು ಬೆರೆತಿರಲಿಲ್ಲ. ಔಷಧ ಎಲ್ಲಕ್ಕಿಂತ ಮೇಲಿನ ಹಲ್ಲಿಗೆ ಸರಿಯಾಗಿ ನಿಂತಿತ್ತು.

ಎಂಟು ಔನ್ಸು.