ಹತ್ತದ ಹಸಿರು ದೀಪ

"ಅಮ್ಮಾ, ಮಧ್ಯಾಹ್ನದ ಪಾಳಿಗೆ ನಮ್ಮನೆಯೋರು ಮತ್ತೆ ಆ ಮಿಷನ್ ಮುಂದೆ ಕೂತ್ಕೋಬೇಕಂತೆ. ಇಲ್ಲಾಂದ್ರೆ ಕೆಲ್ಸ ಬಿಟ್ಟು ಹೋಗು ಅಂದವ್ರೆ!"

ಕುರುಬರಹಳ್ಳಿಯ ಚಿಕ್ಕಗಂಗಮ್ಮ ಬಾಗಿಲಲ್ಲೇ ನಿಂತು ಸೆರಗಿನೊಳಗಿಂದ ಗಂಡನ ಅಂಗಿಯೊಂದನ್ನು ತೆಗೆದಳು. ಬಲತೋಳು ಮೊಣಕೈವರೆಗೆ ಕಿತ್ತುಹೋಗಿತ್ತು. ರಕ್ತವಿರಲಿಲ್ಲ, ಬರೀ ಎಣ್ಣೆಯ ಕಲೆ.

"ಸ್ಕೂಟರ್ ತೆಗಿ, ನಾಣಿ" ಎಂದರು ಗಿರಿಜಾದೇವಿ. ಬಸವೇಶ್ವರನಗರದಲ್ಲಿ ಅವರ ಮನೆಯ ಕೆಳಭಾಗಕ್ಕೆ ನಾನು ಬಾಡಿಗೆಗೆ ಬಂದಾಗ, ಈ ನಿವೃತ್ತ ಗಣಿತದ ಮೇಡಂ ಪೊಲೀಸರು ಕೈಬಿಟ್ಟ ಕೇಸುಗಳನ್ನು ಬಿಡಿಸುತ್ತಾರೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನನ್ನಂಥ ಪುಕ್ಕಲ ಬೇರೆ ಮನೆ ಹುಡುಕುತ್ತಿದ್ದ. ಚಿಕ್ಕಗಂಗಮ್ಮನನ್ನು ಆಟೋದಲ್ಲಿ ಕೂರಿಸಿ ನಾವು ಮುಂದೆ ಹೊರಟೆವು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿತ್ತು ಅವಳ ಗಂಡ ಬೆಟ್ಟಯ್ಯ ಕೆಲಸ ಮಾಡುವ ಶೆಡ್ಡು. ತಗಡು ಒತ್ತುವ ದೈತ್ಯ ಪ್ರೆಸ್ಸುಗಳಿಗೆ ಕಂಪ್ಯೂಟರ್ ಜೋಡಿಸುವುದು ಅಲ್ಲಿನವರ ಕಸುಬು. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಬೆಳಕಿನ ಗೆರೆಯೊಂದು ಹಾಯುತ್ತದೆ. ಕೈ ಅಡ್ಡ ಬಂದರೆ ಗಾಜಿನ ಕಣ್ಣಿಗೆ ಕತ್ತಲಾಗಿ ಪ್ರೆಸ್ಸು ನಿಂತುಬಿಡಬೇಕು.

"ನಿಲ್ಲಿಲ್ಲ ಅಮ್ಮಾ" ಎಂದ ಬೆಟ್ಟಯ್ಯ. "ಇಳಿಯೋಕೆ ಶುರುವಾದ್ಮೇಲೆ ತಗಡು ಸರಿ ಮಾಡೋಕೆ ಕೈ ಹಾಕ್ದೆ. ಅದು ಬರ್ತಾನೇ ಇತ್ತು."

"ಸಾಧ್ಯವೇ ಇಲ್ಲ!" ಎಂದರು ಹಿರಿಯ ಪ್ರೋಗ್ರಾಮರ್ ಶಂಭುಲಿಂಗಪ್ಪ. "ನಾವಿಬ್ಬರು ಪ್ರೋಗ್ರಾಮರು ಬರೆದದ್ದೆಲ್ಲಾ ಈ ಒಂದೇ ಕಂಪ್ಯೂಟರಿನಲ್ಲಿದೆ. ಯಾರು ಒಂದು ಸಾಲು ಬದಲಾಯಿಸಿದ್ರೂ ತಪಾಸಣೆ ತಾನೇ ನಡೆಯುತ್ತೆ, ಪಾಸಾಗದೆ ಪ್ರೆಸ್ಸಿನೊಳಗೆ ಸೇರಲ್ಲ. ಇವನು ಕುಡಿದು ಕೂತಿರ್ಬೇಕು. ಇಲ್ಲಾಂದ್ರೆ ಹೋದ ವಾರ ಬದಲಾಯಿಸಿದ ಗೋಪೀನಾಥನನ್ನು ಕೇಳಿ."

ಗೋಪೀನಾಥ ದೀಪಾವಳಿ ಕಳೆದ ಮೇಲೆ ಕೆಲಸಕ್ಕೆ ಸೇರಿದವನು. ಬಿಳಿಚಿಕೊಂಡಿದ್ದ. "ತಪಾಸಣೆ ಪಾಸಾಯ್ತು ಮೇಡಂ. ಗಂಟೆ ಹೊಡೀತು. ಪ್ರತಿ ಸಲಾನೂ ಹೊಡೆದಿದೆ."

ಮೂಲೆಯ ಮರದ ಹಲಗೆಯ ಮೇಲೆ ಆ ತಪಾಸಣೆಯ ಸಲಕರಣೆ ಇತ್ತು: ಪುಟ್ಟ ಪ್ರೆಸ್ಸು, ಬೆಳಕು, ಗಾಜಿನ ಕಣ್ಣು, ತಾನೇ ಒಳಹೊರಗೆ ಆಡುವ ತಗಡಿನ ಕೈ, ಗಂಟೆ, ಒಂದು ಬಲ್ಬು. ಆಯುಧಪೂಜೆಯ ಗಂಧ ಕುಂಕುಮದ ಬೊಟ್ಟುಗಳು ಇನ್ನೂ ಎಲ್ಲೆಲ್ಲೂ ಇದ್ದವು, ಟೆಲಿಫೋನಿನ ಮೇಲೆ, ಕಂಪ್ಯೂಟರಿನ ಮೇಲೆ, ಆ ಹಲಗೆಯ ಮೇಲೂ. ಪೂಜೆಯ ಬೊಟ್ಟನ್ನು ಒರೆಸುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ?

"ಚೆನ್ನಾಗಿ ಮಾಡಿಸಿದೀನಿ ಮೇಡಂ" ಎಂದರು ಯಜಮಾನ ವೆಂಕಟರಮಣಪ್ಪ. "ಗಂಟೆ ಹೊಡೆದು ಹಸಿರು ದೀಪ ಹತ್ತಿದ್ರೆ ಮಾತ್ರ ಪಾಸು. ನಾನು ಹೊರಗಡೆ ಓಡಾಡೋನು, ಪ್ರೋಗ್ರಾಮು ಗೀಗ್ರಾಮು ನಂಗೊತ್ತಿಲ್ಲ."

ಅಷ್ಟರಲ್ಲಿ ಚಿಕ್ಕಗಂಗಮ್ಮನೂ ಬಂದಳು. ಪಾಳಿಯ ಸೈರನ್ ಕೂಗಿತು. ಪಕ್ಕದಲ್ಲಿ ಯಾರೋ ಪ್ರೆಸ್ಸು ಚಾಲೂ ಮಾಡಿದರು, ನೆಲ ಅದುರತೊಡಗಿತು. ಬೆಟ್ಟಯ್ಯ ಎದ್ದು ನಿಂತ. ನನಗೆ ಅವನ ಕೈಗಳಿಂದ ಕಣ್ಣು ಕೀಳಲಾಗಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

"ಕೂತ್ಕೋ ಬೆಟ್ಟಯ್ಯ" ಎಂದರು ಗಿರಿಜಾದೇವಿ. "ಶಂಭುಲಿಂಗಪ್ಪನವರೇ, ತಪಾಸಣೆ ಅಷ್ಟು ಸರಿಯಾಗಿದ್ರೆ ಅವನ ಬದಲು ನೀವು ಕೈ ಇಡಿ. ಇಳಿಯೋಕೆ ಶುರುವಾದ ಮೇಲೆ."

ಶಂಭುಲಿಂಗಪ್ಪ ನಕ್ಕರು. ಆದರೆ ಎರಡೂ ಕೈ ಬೆನ್ನ ಹಿಂದೆ ಹೋದವು.

"ನಾನಿಡ್ತೀನಿ" ಎಂದು ಗೋಪೀನಾಥ ಹೊರಟೇಬಿಟ್ಟ. ಅವನ ಅಂಗಿ ಹಿಡಿದೆಳೆದೆ.

"ಬೇಡಪ್ಪ. ನೀನು ನಿಜವಾಗಿ ನಂಬಿದೀಯ" ಎಂದರು ಗಿರಿಜಾದೇವಿ. "ಪ್ರತಿ ಸಲ ಗಂಟೆ ಹೊಡೀತು ಅಂದೆ. ಹಸಿರು ದೀಪ?"

"ಯಾವ ದೀಪ ಮೇಡಂ? ಅದು ಪೂಜೆ ಅಲಂಕಾರಕ್ಕೆ ಹಾಕಿದ್ದಲ್ವಾ?"

ವೆಂಕಟರಮಣಪ್ಪ ಬಲ್ಬನ್ನೂ ಶಂಭುಲಿಂಗಪ್ಪನವರನ್ನೂ ನೋಡಿದರು.

ಗಿರಿಜಾದೇವಿ ಹಲಗೆಯನ್ನು ನಮ್ಮತ್ತ ತಿರುಗಿಸಿದರು. ಗಾಜಿನ ಕಣ್ಣಿನ ಮೇಲೆ ಸರಿಯಾಗಿ ದಪ್ಪ ಬೊಟ್ಟು, ಒಣಗಿ ಗಟ್ಟಿಯಾಗಿತ್ತು.

"ಈ ಕಣ್ಣಿಗೆ ಆಯುಧಪೂಜೆಯಿಂದ ಬೆಳಕೇ ಬಿದ್ದಿಲ್ಲ. ಅದರ ಪಾಲಿಗೆ ಕೈ ಯಾವಾಗಲೂ ಅಡ್ಡ ಇದೆ. ಪುಟ್ಟ ಪ್ರೆಸ್ಸು ಇಳಿಯೋದೇ ಇಲ್ಲ. ಕೈ ಅಡ್ಡ ಬಂದ್ರೆ ನಿಲ್ಲುತ್ತಾ ಅನ್ನೋದು ಒಂದು ಪರೀಕ್ಷೆ. ನಿಂತೇ ಇದೆಯಲ್ಲ, ಎಂಥಾ ತಪ್ಪು ಬರೆದ್ರೂ ಗಂಟೆ ಹೊಡೆಯುತ್ತೆ. ಕೈ ಇಲ್ಲದಾಗ ಇಳಿಯುತ್ತಾ ಅನ್ನೋದು ಇನ್ನೊಂದು, ಹಸಿರು ದೀಪದ್ದು. ಅದು ಮಾತ್ರ ಪೂಜೆಯ ಮರುದಿನದಿಂದ ಎಲ್ಲವನ್ನೂ ಫೇಲ್ ಮಾಡಿರಬೇಕು. ಆಗ ಕಣ್ಣು ಒರೆಸೋ ಬದಲು ಯಾರೋ ಆ ಪರೀಕ್ಷೆಯನ್ನೇ ಕಿತ್ತುಹಾಕಿದ್ರು. ಗೋಪೀನಾಥ ಆಮೇಲೆ ಬಂದವನು, ದೀಪ ಹತ್ತಿದ್ದನ್ನೇ ಕಂಡಿಲ್ಲ. ಯಜಮಾನರಿಗೆ ಪ್ರೋಗ್ರಾಮು ಬರಲ್ಲ, ದೀಪ ಇನ್ನೂ ಹತ್ತುತ್ತೆ ಅಂತಲೇ ತಿಳಿದಿದ್ದಾರೆ. ಉಳಿದವರು ನೀವೊಬ್ಬರೇ."

ಶಂಭುಲಿಂಗಪ್ಪ ಕುಸಿದು ಕೂತರು. "ನಾನು ಬರೆದದ್ದನ್ನೂ ವಾಪಸ್ ಮಾಡ್ತಿತ್ತು. ಮಾಲು ಕಳಿಸೋ ಗಡುವು. ತಪಾಸಣೆನೇ ಕೆಟ್ಟಿದೆ ಅಂದ್ಕೊಂಡೆ. ಇವನ ಅಂಗಿ ಹರಿದಾಗ ಗೊತ್ತಾಯ್ತು... ಹೇಳೋಕೆ ಬಾಯಿ ಬರಲಿಲ್ಲ."

"ಇವತ್ತೂ ಇವ್ರನ್ನ ಅಲ್ಲಿಗೇ ಕಳಿಸ್ತಿದ್ರಲ್ಲ ಸ್ವಾಮಿ!" ಎಂದು ಚಿಕ್ಕಗಂಗಮ್ಮ ಅಂಗಿಯನ್ನು ಅವರ ಮುಂದೆ ಎಸೆದಳು. ನನಗೂ ಮೈ ಉರಿದುಹೋಯಿತು.

ಯಜಮಾನರು ಓಡಿಹೋಗಿ ಪ್ರೆಸ್ಸು ನಿಲ್ಲಿಸಿದರು. ಬೆಟ್ಟಯ್ಯ ಮಾತ್ರ ಹಲಗೆಯನ್ನೇ ನೋಡುತ್ತಿದ್ದ.

"ಆವತ್ತು ಪೂಜೆ ಮಾಡ್ದೋನು ನಾನೇ ಅಮ್ಮಾ" ಎಂದ. "ಕೈಕಾಲು ಕಾಪಾಡಪ್ಪಾಂತ ಕಣ್ಣಿಗೇ ಇಟ್ಟೆ."

ಗಿರಿಜಾದೇವಿ ತಮ್ಮ ಕರ್ಚೀಫನ್ನು ನೀರಲ್ಲಿ ಅದ್ದಿ ಅವನಿಗೆ ಕೊಟ್ಟರು. ಅವನು ಗಾಜಿನ ಕಣ್ಣು ಒರೆಸಿದ. ಮೇಡಂ ಶಂಭುಲಿಂಗಪ್ಪನವರ ಕೈಯಿಂದಲೇ ಆ ಪರೀಕ್ಷೆಯನ್ನು ವಾಪಸ್ ಹಾಕಿಸಿದರು. ಗೋಪೀನಾಥ ತನ್ನ ಬದಲಾವಣೆಯನ್ನು ಮತ್ತೊಮ್ಮೆ ತಪಾಸಣೆಗೆ ಬಿಟ್ಟ. ಪುಟ್ಟ ಪ್ರೆಸ್ಸು ಇಳಿಯಿತು, ಹಸಿರು ದೀಪ ಹತ್ತಿತು. ಪ್ರೆಸ್ಸು ಎರಡನೆಯ ಸಲ ಇಳಿಯುವಾಗ ತಗಡಿನ ಕೈ ಒಳಗೆ ಸರಿಯಿತು. ಪ್ರೆಸ್ಸು ನಿಲ್ಲಲಿಲ್ಲ. ಕೈ ಚಪ್ಪಟೆಯಾಯಿತು.

"ಅಯ್ಯೋ, ಪ್ರೆಸ್ಸು ಇಳಿಯೋ ಶುರುವಿನಲ್ಲಿ ಒಂದೇ ಸಲ ಕಣ್ಣು ನೋಡೋ ಹಾಗೆ ಬರೆದುಬಿಟ್ಟಿದೀನಿ" ಎಂದು ಗೋಪೀನಾಥ ಅತ್ತೇಬಿಟ್ಟ.

ಎಲ್ಲರೂ ಕಿವಿಗೊಟ್ಟು ಕಾದೆವು. ಗಂಟೆ ಹೊಡೆಯಲಿಲ್ಲ. ಚಿಕ್ಕಗಂಗಮ್ಮ ಗಂಡನ ಎರಡೂ ಕೈಗಳನ್ನು ಹಿಡಿದುಕೊಂಡು, ಆಟೋ ಬರುವವರೆಗೂ ಬಿಡಲಿಲ್ಲ.