ಕೊಡೆ ಮೇಷ್ಟ್ರ ಒಪ್ಪಿಗೆ ಪತ್ರ

ಪದಕ ಪಡೆಯಬೇಕಿದ್ದ ಮನುಷ್ಯ ತೀರಿಕೊಂಡು ಹನ್ನೆರಡು ದಿನವಾಗಿದೆ ಎಂಬ ಸುದ್ದಿ ಸಮಿತಿಗೆ ತಿಳಿದದ್ದು ಸಮಾರಂಭದ ದಿನ ಬೆಳಿಗ್ಗೆ. ಅವರ ಪರವಾಗಿ ಬರುವವರನ್ನು ಕರೆತರಲು ಮನೆಗೆ ಹೋದ ಕಾರು ಖಾಲಿ ಬಂತು. ಪಕ್ಕದ ಮನೆಯವರು ಹೇಳಿದ್ದನ್ನು ಚಾಲಕ ಬಂದು ಹೇಳಿದ. ಸಮಿತಿಯ ಕಾರ್ಯದರ್ಶಿ ಪೊಲೀಸರಿಗೆ ದೂರು ಕೊಟ್ಟರು. ಸತ್ತವರು ಬರೆದ ಒಪ್ಪಿಗೆ ಪತ್ರ ಅವರ ಕಡತದಲ್ಲಿತ್ತು. ಅದು ಅಂಚೆಯಲ್ಲಿ ಬಂದು ಐದೇ ದಿನ.

ಇನ್ಸ್‌ಪೆಕ್ಟರಮ್ಮ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇವರು ಏನು ಮಾಡ್ತಿದ್ರು?"

"ಪ್ಯಾರಾಚೂಟ್ ಮಡಚ್ತಿದ್ರು ಮೇಡಂ. ಬಾಹ್ಯಾಕಾಶದಿಂದ ವಾಪಸ್ ಬರೋ ನೌಕೆಗೆ. ಮೂವತ್ತೊಂದು ವರ್ಷ, ಎಲ್ಲಾ ಕೈಯಲ್ಲೇ. ಕಾರ್ಖಾನೇಲಿ ಕೊಡೆ ಮೇಷ್ಟ್ರು ಅಂತಿದ್ರಂತೆ. ಪ್ರತಿ ವರ್ಷ ವಿಜ್ಞಾನಿಗಳಿಗೇ ಕೊಡೋ ಪದಕ ಇದು. ಈ ಸಲ ಮೊದಲ ಬಾರಿಗೆ ಒಬ್ಬ ಕೆಲಸಗಾರನಿಗೆ ಕೊಡೋಣ ಅಂದ್ಕೊಂಡ್ವಿ."

"ಸತ್ತವರಿಗೆ ಕೊಡಲ್ವಾ?"

"ನಿಯಮ ಇಲ್ಲ. ಬದುಕಿರೋರು ಸ್ವತಃ ಬರೆದು ಒಪ್ಪಬೇಕು. ಇಲ್ಲಾಂದ್ರೆ ಎರಡನೇ ಹೆಸರಿಗೆ ಹೋಗುತ್ತೆ."

"ನೀವು ತಿಳಿಸಿದ್ದು ಯಾವತ್ತು?"

"ಹತ್ತು ದಿನದ ಹಿಂದೆ."

ಆ ಹೊತ್ತಿಗೆ ಮೇಷ್ಟ್ರು ಮಣ್ಣಾಗಿ ಎರಡು ದಿನ. ಬರೆದವರು ಬೇರೆ ಯಾರೋ. ಪತ್ರದ ಕೊನೆಯಲ್ಲಿ, 'ಮೈ ಸ್ವಸ್ಥವಿಲ್ಲ, ನನ್ನ ಪರವಾಗಿ ಬರುವವರ ಕೈಗೆ ಪದಕ ಕೊಡುವುದು' ಎಂದಿತ್ತು. ಮಧ್ಯದಲ್ಲಿ ಒಂದು ಪದ ತಪ್ಪಿತ್ತು. ಅದರ ಮೇಲೆ ಒಂದೇ ಗೆರೆ. ಪಕ್ಕದಲ್ಲಿ ಸಣ್ಣದಾಗಿ '11.20' ಎಂದು ಬರೆದು, ಒಂದು ಕೊಕ್ಕೆಯ ಗುರುತು.

"ಇದೇನು?"

"ಏನೋ ಚಿತ್ತು ಮೇಡಂ," ಎಂದರು ಕಾರ್ಯದರ್ಶಿ.

* * *

ಮೇಷ್ಟ್ರಿಗೆ ಇದ್ದ ಒಬ್ಬನೇ ನೆಂಟ ಅಣ್ಣನ ಮಗ. ಗ್ಯಾರೇಜಿನಲ್ಲಿ ಕಾರಿನ ಅಡಿಯಿಂದ ಹೊರಬಂದ.

"ಚಿಕ್ಕಪ್ಪ ಆಸ್ಪತ್ರೇಲಿ ಹೋದ್ರು. ನಾನೇ ಬಂದು ಮಣ್ಣು ಮಾಡಿದ್ದು."

"ಬದುಕಿದ್ದಾಗ ಎಷ್ಟು ಸಲ ಬಂದಿದ್ದೆ?"

ಅವನು ಕೈಯ ಎಣ್ಣೆ ಒರೆಸಿಕೊಂಡ.

"ಮನೆ ಕೀ?"

"ಒಂದು ನನ್ನ ಹತ್ರ. ಇನ್ನೊಂದು ಯಾರ ಹತ್ರಾನೋ ಇದೆ. ಗಿಡಕ್ಕೆ ಈಗಲೂ ಯಾರೋ ನೀರು ಹಾಕ್ತಿದಾರೆ."

ಜೊತೆಗೆ ಬಂದಿದ್ದ ಪೇದೆ ಇನ್ಸ್‌ಪೆಕ್ಟರಮ್ಮನ ಕಿವಿಯಲ್ಲಿ ಪಿಸುಗುಟ್ಟಿದ. "ಇವನೇ ಮೇಡಂ. ಪದಕ ಹೊಡ್ಕೊಳ್ಳೋಕೆ ಮಾಡಿದಾನೆ. ಮುಖ ನೋಡಿ."

"ಮುಖ ನೋಡಿ ಹಿಡಿಯೋದಾದ್ರೆ ಮೊದಲು ನಿನ್ನ ಹಿಡೀಬೇಕಪ್ಪಾ."

ಹೇಳಿಕೆ ಬರೆದುಕೊಡಲು ಹೇಳಿದರು. ಮೂರನೇ ಸಾಲಿನಲ್ಲಿ ಅವನು ತಪ್ಪಿದ. ತಪ್ಪನ್ನು ಗೀಚಿ ಗೀಚಿ ಕಪ್ಪು ಮಾಡಿದ. ಕಾಗದ ಹರಿದೇ ಹೋಯಿತು.

ಇನ್ಸ್‌ಪೆಕ್ಟರಮ್ಮ ಎದ್ದರು. "ಇವನಲ್ಲ. ತಪ್ಪು ತಿದ್ದಿ ಗಂಟೆ ಬರೆಯೋರು ಎಲ್ಲಿರ್ತಾರೋ ಅಲ್ಲಿಗೆ ನಡಿ."

* * *

ಕಾರ್ಖಾನೆಯಲ್ಲಿ ಪ್ಯಾರಾಚೂಟ್ ಮಡಚುವ ಕೋಣೆ ಉದ್ದಕ್ಕೆ ರೈಲಿನ ಬೋಗಿಯಂತಿತ್ತು. ಅಷ್ಟೇ ಉದ್ದದ ಮೇಜು. ಅದರ ಮೇಲೆ ಕಿತ್ತಳೆ ಬಣ್ಣದ ಬಟ್ಟೆ, ಅರ್ಧ ಮಡಚಿದ್ದು. ಕೆಲಸ ಬಿಟ್ಟು ಎಲ್ಲರೂ ಊಟಕ್ಕೆ ಹೋಗಿದ್ದರು. ಒಬ್ಬ ಹೆಂಗಸು ಮಾತ್ರ ಬಗ್ಗಿ, ಕೈದೀಪ ಹಿಡಿದು ಮಡಿಕೆಗಳನ್ನು ನೋಡುತ್ತಿದ್ದರು. ಮಡಚಿದ್ದನ್ನು ಪರೀಕ್ಷಿಸುವುದು ಅವರ ಕೆಲಸ. ಎಲ್ಲರ ಬಾಯಲ್ಲಿ ಅವರು ಟಾರ್ಚಮ್ಮ.

ಇನ್ಸ್‌ಪೆಕ್ಟರಮ್ಮ ದಾಖಲೆ ಪುಸ್ತಕ ತೆರೆದರು. ಹಳೆಯ ಪುಟಗಳಲ್ಲಿ ತಪ್ಪು ಬಿದ್ದ ಕಡೆಯಲ್ಲೆಲ್ಲ ಒಂದೇ ಗೆರೆ, ಪಕ್ಕದಲ್ಲಿ ಗಂಟೆ, ಒಂದು ಗುರುತು. ಮೇಷ್ಟ್ರ ಗುರುತು ಸೊನ್ನೆ. ಟಾರ್ಚಮ್ಮನದು ಕೊಕ್ಕೆ. ಮೂವತ್ತೊಂದು ವರ್ಷ, ಪುಟಪುಟದಲ್ಲೂ ಸೊನ್ನೆ ಮತ್ತು ಕೊಕ್ಕೆ ಅಕ್ಕಪಕ್ಕ. ಎರಡು ವರ್ಷದಿಂದೀಚೆಗೆ, ಮೇಷ್ಟ್ರು ನಿವೃತ್ತರಾದ ಮೇಲೆ, ಕೊಕ್ಕೆ ಒಂದೇ.

ಅವರು ಪತ್ರವನ್ನು ಪುಸ್ತಕದ ಪಕ್ಕಕ್ಕಿಟ್ಟರು.

"ಯಾರು ತಿದ್ದಿದ್ರೋ ಅವರೇ ಗುರುತು ಹಾಕ್ಬೇಕು. ಅದು ಇಲ್ಲಿನ ಪದ್ಧತಿ ಅಲ್ವಾ ಅಕ್ಕಾ? ಅಕ್ಷರ ಮೇಷ್ಟ್ರ ಥರಾನೇ ಇದೆ. ದಿನಾ ಎದುರಿಗೆ ನೋಡಿದೋರಿಗೆ ಕಷ್ಟ ಆಗಲ್ಲ. ಅವರ ಮನೆಗೆ ಬಂದ ಪತ್ರ ಸಿಕ್ಕಿದ್ದು ಕೀ ಇಟ್ಕೊಂಡು ಗಿಡಕ್ಕೆ ನೀರು ಹಾಕೋರಿಗೆ. ಆದ್ರೆ ತಿದ್ದುವಾಗ ಕೈ ಅದರ ಪಾಡಿಗೆ ಅದು ನಿಮ್ಮ ಗುರುತೇ ಹಾಕ್ತು."

ಟಾರ್ಚಮ್ಮ ದೀಪ ಆರಿಸಿದರು.

"ಬೇರೆ ಹಾಳೆ ತಗೊಂಡು ಬರೀಬಹುದಿತ್ತಲ್ಲ?" ಎಂದರು ಇನ್ಸ್‌ಪೆಕ್ಟರಮ್ಮ.

"ಹಾಳೆ ಹರಿದು ಹಾಕೋದು ಇಲ್ಲಿ ದೊಡ್ಡ ಅಪರಾಧ ಮೇಡಂ. ತಪ್ಪು ಮುಚ್ಚಿಟ್ರೆ ಮೇಲಿಂದ ಬರೋರು ಸಾಯ್ತಾರೆ. ನನಗೆ ಅದು ಹೊಳೀಲೇ ಇಲ್ಲ."

"ತಪ್ಪು ಮುಚ್ಚಲಿಲ್ಲ. ಸಾವು ಮುಚ್ಚಿದ್ರಿ."

"ಹೂಂ." ಅವರು ಬಟ್ಟೆಯ ಅಂಚನ್ನು ನೇರಮಾಡಿದರು. "ನಾನೇ ಹೋಗಿ ಇಸ್ಕೊಂಡು ಬರೋಣ ಅಂತಿದ್ದೆ. ಪದಕ ನನಗೇತಕ್ಕೆ? ಆ ಭಗವಂತನ ಮುಂದೆ ಹೇಳ್ತೀನಿ, ಬೇಡ. ಮಣ್ಣು ಮಾಡೋವಾಗ ನಾವು ನಾಲ್ಕೇ ಜನ ಇದ್ವಿ. ಪುರೋಹಿತರಿಗೂ ಹೆಸರು ಗೊತ್ತಿರ್ಲಿಲ್ಲ, ಚೀಟಿ ನೋಡಿ ಹೇಳಿದ್ರು. ತುಂಬಿದ ಸಭೇಲಿ ಒಂದು ಸಲ ಅವರ ಹೆಸರನ್ನ ಯಾರಾದ್ರೂ ಗಟ್ಟಿಯಾಗಿ ಓದ್ಲಿ ಅಂತಿತ್ತು. ಅಷ್ಟೇ."

ಇನ್ಸ್‌ಪೆಕ್ಟರಮ್ಮ ಪುಸ್ತಕ ಮುಚ್ಚಿದರು. ಅವರ ಗಂಡ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಆ ಹೆಸರನ್ನು ಕೂಗುವವರು ಯಾರೂ ಇರಲಿಲ್ಲ. ತಾವೂ ಕೂಗಿರಲಿಲ್ಲ.

ಅವರು ಹೊರಗೆ ಹೋಗಿ ಕಾರ್ಯದರ್ಶಿಗೆ ಫೋನ್ ಮಾಡಿದರು. ಇದ್ದದ್ದನ್ನು ಇದ್ದಂತೆ ಹೇಳಿದರು. ಒಂದಕ್ಷರ ಬಿಡಲಿಲ್ಲ. ಒಳಗೆ ಬರುವಾಗ ಹೆಜ್ಜೆ ಭಾರವಾಗಿತ್ತು.

"ದೂರು ವಾಪಸ್ ತಗೋತಾರಂತೆ. ಪದಕ ಮಾತ್ರ ಎರಡನೇ ಹೆಸರಿಗೆ. ಮೇಷ್ಟ್ರ ಹೆಸರು ಸಭೇಲಿ ಓದಲ್ಲ. ಕೇಳಿ ನೋಡಿದೆ ಅಕ್ಕಾ. ಒಪ್ಪಲಿಲ್ಲ."

ಟಾರ್ಚಮ್ಮ ತಲೆಯಾಡಿಸಿದರು. ಅಳಲಿಲ್ಲ.

"ಹೇಳಿಕೆಗೆ ಅವರ ಪೂರ್ತಿ ಹೆಸರು ಬೇಕು," ಎಂದರು ಇನ್ಸ್‌ಪೆಕ್ಟರಮ್ಮ. ಪೆನ್ನು ತೆಗೆಯಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಗಟ್ಟಿಯಾಗಿ ಹೇಳಿ."

ಟಾರ್ಚಮ್ಮ ನೇರವಾಗಿ ನಿಂತು, ತಂದೆಯ ಹೆಸರಿನ ಸಮೇತ ಹೇಳಿದರು. ಖಾಲಿ ಕೋಣೆಯ ಆ ತುದಿಯವರೆಗೆ ಕೇಳಿಸಿತು. ಊಟ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು. ಒಬ್ಬೊಬ್ಬರಾಗಿ ಕೈಮುಗಿದರು.

ಇನ್ಸ್‌ಪೆಕ್ಟರಮ್ಮ ಕಣ್ಣು ಮುಚ್ಚಿದರು. ದೇವರೇ, ಈ ಜೀವ ಒಂಟಿಯಾಗಿ ಹೊರಟಿತು. ನಿನ್ನ ಬಳಿ ಒಂಟಿಯಾಗಿರದಿರಲಿ. ಆತನ ಆತ್ಮಕ್ಕೆ ಶಾಂತಿ ಕೊಡು.