ಹೂಜಿ ಗಿಡಗಳ ಬೇಸಿಗೆ

"ಆ ನೀರು ನಿಮಗೆ ಕೊಡಲ್ಲ."

ಬ್ಯಾಟರಿ ಅಂಗಡಿಯವನು ತಲೆ ಎತ್ತದೆಯೇ ಹೇಳಿದ. ಅವನ ಕೈಯಲ್ಲಿ ಯಾವುದೋ ಲಾರಿಯ ಬ್ಯಾಟರಿಯಿಂದ ಬಿಚ್ಚಿದ ದಪ್ಪ ತಂತಿ ಇತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಮಟಮಟ ಮಧ್ಯಾಹ್ನ. ಕೆಲಸದ ಮಧ್ಯೆ ಅರ್ಧ ಗಂಟೆ ಬಿಡುವು ಕೇಳಿಕೊಂಡು, ಎರಡು ಖಾಲಿ ಕ್ಯಾನು ಹಿಡಿದು, ಮೂರು ಬೀದಿ ದಾಟಿ ಬಂದಿದ್ದಳು. ಕಣ್ಣೆದುರಿಗೇ ನೀಲಿ ಡ್ರಮ್ಮಿನ ತುಂಬ ಡಿಸ್ಟಿಲ್ಡ್ ವಾಟರ್ ಇದೆ, ಇವನು ನೋಡಿದರೆ...

"ಯಾಕೆ? ನಾನು ಬ್ಯಾಟರಿ ತಂದಿಲ್ಲ ಅಂತಾನಾ?"

"ಗಿಡಕ್ಕೆ ಅಂದ್ರಲ್ಲ, ಅದಕ್ಕೆ." ಈಗ ಅವನು ತಲೆಯೆತ್ತಿದ. "ಈ ಡ್ರಮ್ಮಿಗೆ ಆಸಿಡ್ ಮೆತ್ತಿದ ಕೊಳವೆ ಹಾಕಿರ್ತೀವಿ. ಬ್ಯಾಟರಿಗೆ ನಡೆಯುತ್ತೆ. ಜೀವ ಇರೋದಕ್ಕೆ ನಡೆಯಲ್ಲ. ಸೀಲ್ ಇರೋ ಕ್ಯಾನು ನಾಳೆ ಬರುತ್ತೆ, ಮನೆ ಎಲ್ಲಿ ಅಂತ ಬರೆದಿಟ್ಟು ಹೋಗಿ."

ಜೀವ ಇರೋದಕ್ಕೆ... ಬಾಯಿಗೆ ಬಂದಿದ್ದ ಖಾರದ ಮಾತನ್ನು ನುಂಗಿಕೊಂಡು ಅವಳು ವಿಳಾಸ ಬರೆದಳು.

ಅವಳದು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ಮೂವತ್ತಮೂರು ವರ್ಷವಾದರೂ ಮನೆಯಲ್ಲಿ ಅವಳ ಹೆಸರು ಇನ್ನೂ 'ಗುಬ್ಬಿ'ಯೇ. ಹಾಗೆ ಕರೆಯುವವಳು ಅಮ್ಮ ಒಬ್ಬಳೇ. ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ ಗುಬ್ಬಿ, ಅಮ್ಮ ಒಬ್ಬಳೇ ಆಗಿಬಿಡುತ್ತಾಳೆ ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಅಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳು. ಬೀದಿಗೆಲ್ಲ ಅವಳು ಟೀಚರ್. ಆ ಟೀಚರ್ ಮನೆಯ ಮಹಡಿಯ ಮೊಗಸಾಲೆಯಲ್ಲಿ ಹದಿನೆಂಟು ಹೂಜಿ ಗಿಡಗಳಿದ್ದವು. ಎಲೆಯ ತುದಿಯಿಂದ ಒಂದು ಕುಡಿ ಇಳಿಯುತ್ತದೆ, ಕುಡಿಯ ತುದಿ ಉಬ್ಬಿ ಮುಚ್ಚಳವಿರುವ ಪುಟ್ಟ ಹೂಜಿಯಾಗುತ್ತದೆ. ಅಂಚಿನ ಸಿಹಿಗೆ ಬಂದ ನೊಣ ಕಾಲು ಜಾರಿ ಒಳಗೆ ಬಿದ್ದರೆ ಮುಗಿಯಿತು. ಕೆಲವು ಹೂಜಿಗಳು ಹೆಬ್ಬೆರಳಿನಷ್ಟು, ಕೆಲವು ಲೋಟದಷ್ಟು. ಅದರಲ್ಲಿ ಒಂದನ್ನು, ಕಡುಕೆಂಪು ಗೆರೆಯದನ್ನು, ಅಮ್ಮ ಬೀಜದಿಂದ ಎಬ್ಬಿಸಿ ಹನ್ನೊಂದು ವರ್ಷ ಸಾಕಿದ್ದಳು.

ಇವುಗಳಿಗೆ ಗೊಬ್ಬರ ಬೇಡ, ಮಣ್ಣೂ ಬೇಡ, ಪಾಚಿಯಲ್ಲೇ ಬೇರು. ನೆತ್ತಿಯ ಬಿಸಿಲು ಆಗದು, ಆದರೆ ಬೆಳಕು ಬೇಕು. ಗಾಳಿಯಲ್ಲಿ ತೇವ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪು, ಸುಣ್ಣ ಏನೂ ಇಲ್ಲದ ನೀರು ಬೇಕು. ಅವರ ಮನೆಯ ನಲ್ಲಿಯ ಬಾಯಿಗೋ ಸುಣ್ಣದ ಬಿಳಿ ಹಕ್ಕಳೆ ಕಟ್ಟಿತ್ತು. ವರ್ಷವಿಡೀ ಮಳೆನೀರು ಹಿಡಿದಿಡುತ್ತಿದ್ದ ತೊಟ್ಟಿ ಈ ಬೇಸಿಗೆಯ ಮೊದಲ ವಾರದಲ್ಲೇ ಸೀಳು ಬಿಟ್ಟು, ಬೆಳಗಾಗುವಷ್ಟರಲ್ಲಿ ಖಾಲಿಯಾಗಿತ್ತು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅವನೇ ಎರಡು ಕ್ಯಾನು ಹೊತ್ತು ಬಂದ.

ಟೀಚರ್ ಅವನನ್ನು ಬಿಡಲಿಲ್ಲ. ಒಂದೊಂದು ಕುಂಡದ ಮುಂದೆಯೂ ನಿಲ್ಲಿಸಿ ಪಾಠ ಮಾಡಿದಳು. ನೊಣ ತಿನ್ನುವ ಗಿಡಕ್ಕೆ ನೀರಿನಲ್ಲಿ ಇಷ್ಟೊಂದು ನಾಜೂಕೇ ಎಂದು ಅವನು ಕೇಳಿದ. ಹುಲಿಯೂ ಹುಲ್ಲು ತಿನ್ನಲ್ಲವಲ್ಲ, ಅದನ್ನು ನಾಜೂಕು ಅಂತೀಯಾ ಎಂದು ಟೀಚರ್ ತಿರುಗಿ ಕೇಳಿದಳು. ಹೊರಡುವಾಗ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಳು.

"ಒಂದು ಎಲ್ಲಿ ಹೋಯ್ತು ಟೀಚರ್?"

"ಹೂಜಿಯೊಳಗೆ ಬೆರಳು ಹಾಕಿದೆಯಲ್ಲ, ಅದಕ್ಕೆ."

ಗುಬ್ಬಿ ನಕ್ಕುಬಿಟ್ಟಳು. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ, ಅವಳಿಗೇ ನೆನಪಿರಲಿಲ್ಲ.

ಆ ಮೇಲೆ ಅವನು ಬರುತ್ತಲೇ ಹೋದ. ಬಿಸಿಲು ಏರಿದಂತೆ ಗಾಳಿ ಒಣಗಿ, ಎಳೆಯ ಕುಡಿಗಳು ಹೂಜಿ ಕಟ್ಟದೆ ಮುರುಟತೊಡಗಿದಾಗ ಹಳೆಯ ಬ್ಯಾಟರಿಯೊಂದಕ್ಕೆ ಪುಟ್ಟ ಪಂಪು ಜೋಡಿಸಿದ. ಕರೆಂಟು ಹೋದರೂ ಗಂಟೆಗೊಮ್ಮೆ ಗಿಡಗಳ ಮೇಲೆ ಮಂಜು ಹನಿಯುವಂತಾಯಿತು. ನೀರಿನಲ್ಲಿ ಎಷ್ಟು ಉಪ್ಪಿದೆ ಎಂದು ಅಳೆಯುವ, ಪೆನ್ನಿನಂಥ ಮೀಟರೊಂದನ್ನು ತಂದು ಅವಳಿಗೆ ಕೊಟ್ಟ. ಸೀಲ್ ಕ್ಯಾನಿನ ನೀರಿಗೆ ಅದು ಸೊನ್ನೆ ತೋರಿಸುತ್ತಿತ್ತು, ನಲ್ಲಿ ನೀರಿಗೆ ಆರುನೂರು.

ಅವನು ಕಾಗದವನ್ನು ಕೈಚಾಚಿ ದೂರ ಹಿಡಿದು ಓದುವುದನ್ನು ಅವಳು ಗಮನಿಸಿದ್ದಳು. ಒಂದು ದಿನ ಏನೂ ಹೇಳದೆ ಅಂಗಡಿಗೆ ಕರೆದು, ಕಣ್ಣು ಅಳೆಸಿ, ತಾನೇ ಗಾಜು ಉಜ್ಜಿ ಕನ್ನಡಕ ಮಾಡಿಕೊಟ್ಟಳು. ಅದನ್ನು ಹಾಕಿಕೊಂಡು ಅವನು ಮೊದಲು ನೋಡಿದ್ದು ಅವಳ ಮುಖವನ್ನು. ನೋಡುತ್ತಲೇ ಇದ್ದ...

"ಅಕ್ಷರ ಓದಿ" ಎಂದಳು ಅವಳು.

"ಓದ್ತಾ ಇದ್ದೀನಿ" ಎಂದ.

ಅಂದು ಸಂಜೆಯವರೆಗೂ ಅವಳ ಕೈಯಲ್ಲಿ ಒಂದು ಗಾಜೂ ಸರಿಯಾಗಿ ಕೂರಲಿಲ್ಲ.

ವಾರಕ್ಕೊಮ್ಮೆ ಬರುತ್ತಿದ್ದವನು ವಾರಕ್ಕೆ ಮೂರು ಸಲ ಬರತೊಡಗಿದ. ನನಗಾಗಿಯೇ ಇರಬೇಕು ಎಂದುಕೊಂಡಳು ಗುಬ್ಬಿ. ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು.

ಅಷ್ಟರಲ್ಲಿ ಎಲೆಗಳ ಅಂಚು ಕಪ್ಪಾಗತೊಡಗಿತು. ಮೊದಲು ಬಾಗಿಲ ಬಳಿಯ ಕುಂಡ, ಆಮೇಲೆ ಅದರ ಪಕ್ಕದ್ದು. ನೆರಳು ಬದಲಾಯಿಸಿದಳು, ಪಾಚಿ ಮುಟ್ಟಿ ನೋಡಿದಳು, ಮಂಜಿನ ಹೊತ್ತು ಹೆಚ್ಚಿಸಿದಳು. ನಾಲ್ಕು ಗಿಡ ಸತ್ತವು. ಆಮೇಲೆ ಒಂದು ಬೆಳಿಗ್ಗೆ ಆ ಕಡುಕೆಂಪು ಗೆರೆಯ ಗಿಡ, ಅಮ್ಮನ ಹನ್ನೊಂದು ವರ್ಷ, ಬುಡದವರೆಗೂ ಕಂದಿ ಬಾಗಿತ್ತು. ಅಮ್ಮ ಅದರ ಮುಂದೆ ಸುಮ್ಮನೆ ಕುಳಿತಿದ್ದಳು.

ಗುಬ್ಬಿಗೆ ಏನೋ ಹೊಳೆದು, ಮೂಲೆಯಲ್ಲಿದ್ದ ತುಂಬಿದ ಕ್ಯಾನಿಗೆ ಮೀಟರು ಅದ್ದಿದಳು.

ಆರುನೂರು.

ಪಕ್ಕದ ಕ್ಯಾನು. ಆರುನೂರು!

ಇಷ್ಟು ದಿನ ನಲ್ಲಿ ನೀರು ತುಂಬಿಸಿ ಕೊಡುತ್ತಿದ್ದನೇ? ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ ಅಲ್ಲವೇ?

ಕ್ಯಾನು ಎತ್ತಿಕೊಂಡು ನೇರ ಅಂಗಡಿಗೆ ಹೋದಳು. ಅಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೇ ಕ್ಯಾನನ್ನು ಮೇಜಿನ ಮೇಲೆ ಕುಕ್ಕಿ, ಮೀಟರು ಅದ್ದಿ ತೋರಿಸಿ, ಆಡಬಾರದ್ದನ್ನೆಲ್ಲ ಆಡಿದಳು. ಮುದುಕಿಯೊಬ್ಬಳ ಹನ್ನೊಂದು ವರ್ಷವನ್ನು ಸುಟ್ಟಿರಿ ಎಂದಳು. ನಿಮ್ಮಂಥವರನ್ನು ಮನೆಯೊಳಗೆ ಬಿಟ್ಟುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ ಎಂದಳು.

ಅವನು ಕ್ಯಾನಿನ ಮುಚ್ಚಳವನ್ನು ತಿರುಗಿಸಿ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೇರೆ ಕ್ಯಾನು ಕೊಡ್ತೀನಿ. ತಗೊಂಡು ಹೋಗಿ."

ಅಷ್ಟೇ. ಇಲ್ಲ ಎನ್ನಲಿಲ್ಲ, ತಪ್ಪಾಯಿತು ಎನ್ನಲಿಲ್ಲ. ತಪ್ಪು ಒಪ್ಪಿಕೊಂಡಂತೆಯೇ ಆಯಿತಲ್ಲ ಎಂದುಕೊಂಡು ಅವಳು ಬರಿಗೈಯಲ್ಲಿ ತಿರುಗಿ ನಡೆದಳು. ಬೀದಿಯ ತಿರುವಿನವರೆಗೆ ತಡೆದುಕೊಂಡಿದ್ದ ಅಳು ಅಲ್ಲಿಂದಾಚೆ ನಿಲ್ಲಲಿಲ್ಲ.

ಅಮ್ಮ ಅವನೆಲ್ಲಿ ಎಂದು ಕೇಳಿದರೆ, ಇನ್ನು ಬರುವುದಿಲ್ಲ ಎಂದಳು. ಅಮ್ಮ ಅವಳನ್ನೇ ಬಹಳ ಹೊತ್ತು ನೋಡಿ, ಎದ್ದು ಒಳಗೆ ಹೋದಳು.

ನೀರನ್ನು ಈಗ ಬೇರೊಂದು ಔಷಧಿ ಅಂಗಡಿಯಿಂದ ತಂದಳು. ತಂದ ಕೂಡಲೇ ಅಳೆದಳು. ಸೊನ್ನೆ. ಮನಸ್ಸಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಐದನೆಯ ದಿನ ಮೂಲೆಯಲ್ಲಿ ತುಂಬಿ ನಿಂತಿದ್ದ ಕ್ಯಾನಿಗೆ ಸುಮ್ಮನೆ ಮತ್ತೊಮ್ಮೆ ಮೀಟರು ಅದ್ದಿದಳು.

ಆರುನೂರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಹಾಗಾದರೆ...

ಮರುದಿನ ಕೆಲಸಕ್ಕೆ ಹೋದವಳು ಹನ್ನೊಂದು ಗಂಟೆಗೇ ಮನೆಗೆ ಬಂದಳು. ಅಡುಗೆಮನೆಯ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಖಾಲಿ ಕ್ಯಾನುಗಳನ್ನು ಸಾಲಾಗಿಟ್ಟು, ಒಂದೊಂದಕ್ಕೂ ನೀರು ತುಂಬುತ್ತಿದ್ದಳು. ತುಂಬಿದ ಮೇಲೆ ಮುಚ್ಚಳ ಬಿಗಿದು, ಒದ್ದೆ ಒರೆಸಿ, ಬಲು ಅಚ್ಚುಕಟ್ಟಾಗಿ ಪಕ್ಕಕ್ಕಿಡುತ್ತಿದ್ದಳು.

"ಅಮ್ಮಾ... ಏನು ಮಾಡ್ತಿದ್ದೀಯಾ?"

"ಬಂದ್ಯಾ? ಮಳೆನೀರು ತುಂಬಿಡ್ತಿದ್ದೀನಿ. ನಿಮ್ಮಪ್ಪ ಬರೋದ್ರೊಳಗೆ ಮುಗಿಸಬೇಕು, ಇಲ್ಲಾಂದ್ರೆ ಮನೆಯೆಲ್ಲ ಒದ್ದೆ ಮಾಡಿದೆ ಅಂತ ಗೊಣಗ್ತಾರೆ."

ಗುಬ್ಬಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಹೋಗಿ ಅದನ್ನು ನಿಲ್ಲಿಸಿ, ಅಮ್ಮನ ಒದ್ದೆ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅಮ್ಮನ ಕಣ್ಣು ಮಗಳ ಮುಖದಿಂದ ಕ್ಯಾನಿಗೆ, ಕ್ಯಾನಿನಿಂದ ನಲ್ಲಿಗೆ ಹೋಯಿತು.

"ನಾನು ಮತ್ತೆ ಹೀಗೇ ಮಾಡಿದೆನಾ ಗುಬ್ಬಿ?"

ಆ ಮೇಲೆ ಅಮ್ಮನೇ ಎಲ್ಲ ಹೇಳಿದಳು. ಕೆಲವು ಸಲ ಇಂದು ಯಾವ ದಿನ, ಯಾವ ವರ್ಷ ಎಂಬುದೇ ತಲೆಯಿಂದ ಜಾರಿಹೋಗುತ್ತದೆ. ಬ್ಯಾಟರಿಯವನು ಒಮ್ಮೆ ನೀರು ತಂದಾಗ ತಾನು ಹೀಗೆಯೇ ತುಂಬುತ್ತಿದ್ದುದನ್ನು ನೋಡಿಬಿಟ್ಟ. ಗುಬ್ಬಿಗೆ ಹೇಳಬೇಡ, ಈ ಬೇಸಿಗೆ ದಾಟಲಿ, ನಾನೇ ಹೇಳುತ್ತೇನೆ ಎಂದು ತಾನೇ ಅವನ ಕೈಹಿಡಿದು ಬೇಡಿಕೊಂಡಳು. ಅವನು ವಾರಕ್ಕೆ ಮೂರು ಸಲ ಬಂದು, ಮಗಳ ಕಣ್ಣಿಗೆ ಬೀಳದಂತೆ ನಲ್ಲಿ ನೀರು ಚೆಲ್ಲಿ, ಒಳ್ಳೆಯ ನೀರಿನ ಕ್ಯಾನು ಇಟ್ಟುಹೋಗುತ್ತಿದ್ದ. ಆದರೂ ಅವನು ಬಾರದ ದಿನಗಳಲ್ಲಿ ತಾನು ತುಂಬಿಟ್ಟ ನೀರೇ ಗಿಡಗಳಿಗೆ ಹೋಗುತ್ತಿತ್ತು.

"ನನ್ನ ಗಿಡಾನ ನಾನೇ ಕೊಂದೆ" ಎಂದಳು ಅಮ್ಮ.

ಗುಬ್ಬಿ ಅವಳನ್ನು ಎದೆಗವಚಿಕೊಂಡಳು.

ಎರಡು ದಿನ ಆಸ್ಪತ್ರೆಯ ಓಡಾಟವಾಯಿತು. ಪರೀಕ್ಷೆಗಳಾದ ಮೇಲೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಇದು ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು, ಇನ್ನು ಮುಂದೆ ಒಬ್ಬರನ್ನೇ ಬಿಡಬೇಡಿ.

ಮೂರನೆಯ ದಿನ ಅಮ್ಮನನ್ನು ಪಕ್ಕದ ಮನೆಯವರ ಬಳಿ ಕೂರಿಸಿ ಅವಳು ಬ್ಯಾಟರಿ ಅಂಗಡಿಗೆ ಹೋದಳು. ಅಂದು ಗಿರಾಕಿಗಳಿರಲಿಲ್ಲ.

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಕೇಳಿದಳು ಕೂಡ. ಆದರೆ ಅದರ ಬೆನ್ನಿಗೇ ಸಿಟ್ಟೂ ಹೊರಬಂತು.

"ನನ್ನಿಂದ ಯಾಕೆ ಮುಚ್ಚಿಟ್ರಿ? ಒಂದೂವರೆ ತಿಂಗಳು ತಡವಾಯ್ತು. ಅವಳು ಗ್ಯಾಸ್ ಹಚ್ಚಿಟ್ಟು ಮರೆತಿದ್ರೆ? ಬೀದಿಗೆ ಹೋಗಿ ದಾರಿ ತಪ್ಪಿದ್ರೆ?"

ಅವನು ತಲೆ ತಗ್ಗಿಸಿದ. ತನ್ನಪ್ಪನ ವಿಷಯವನ್ನು ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ ಹೇಳಿದ. ಅಪ್ಪ ಬಸ್ಸಿನ ಡ್ರೈವರು. ದಾರಿಗಳು ಮರೆಯತೊಡಗಿದ್ದನ್ನು ಮೊದಲು ಕಂಡವನು ಇವನೇ. ಅಂದೇ ಮನೆಯವರಿಗೆಲ್ಲ ಹೇಳಿದ. ಎಲ್ಲರೂ ಸೇರಿ ಅಪ್ಪನ ಕೈಯಿಂದ ಬೀಗದ ಕೈ, ಕೈಗಡಿಯಾರ, ಕೊನೆಗೆ ಚಪ್ಪಲಿಯನ್ನೂ ತೆಗೆದಿಟ್ಟರು. ಅಪ್ಪ ಆಮೇಲೆ ಬದುಕಿದ್ದು ಒಂದು ವರ್ಷ. ಆ ವರ್ಷವಿಡೀ ಮಗನೊಡನೆ ಒಂದು ಮಾತೂ ಆಡಲಿಲ್ಲ.

"ಟೀಚರ್ ನನ್ನ ಕೈ ಹಿಡಿದು ಕೇಳಿದಾಗ ಇಲ್ಲ ಅನ್ನೋಕಾಗ್ಲಿಲ್ಲ. ಆದ್ರೆ ನಿಮಗೆ ಹೇಳಬೇಕಿತ್ತು. ಅವತ್ತು ಹೇಳಿ ತಪ್ಪು ಮಾಡಿದೆ, ಈಗ ಹೇಳದೆ ತಪ್ಪು ಮಾಡಿದೆ."

ಅವಳ ಸಿಟ್ಟು ಇಳಿಯಿತು. ಉಳಿದದ್ದು ಒಂದೇ ಪ್ರಶ್ನೆ. ಕೇಳಲು ನಾಚಿಕೆಯಾದರೂ ಕೇಳಿಯೇಬಿಟ್ಟಳು.

"ಹಾಗಾದ್ರೆ ವಾರಕ್ಕೆ ಮೂರು ಸಲ ಬರ್ತಿದ್ದದ್ದು ನೀರು ಬದಲಾಯಿಸೋಕೆ ಮಾತ್ರ?"

"ಮೊದಲು ನೀರು ಬದಲಾಯಿಸೋಕೆ." ಅವನು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದ. "ಆಮೇಲೆ ನೀರು ಬರೀ ನೆಪ."

ಅಂದು ಸಂಜೆ ಇಬ್ಬರೂ ಮೊಗಸಾಲೆಯಲ್ಲಿ ಕುಳಿತು ಉಳಿದ ಹದಿಮೂರು ಗಿಡಗಳ ಪಾಚಿಗೆ ಒಳ್ಳೆಯ ನೀರು ಹಾಯಿಸಿ ಹಾಯಿಸಿ ಸುಣ್ಣ ತೊಳೆದರು. ಕುಂಡದ ತಳದಿಂದ ಹರಿದ ನೀರಿಗೆ ಮೀಟರು ಹಿಡಿದು ಅವಳು ಓದುತ್ತಿದ್ದಳು: ನಾನೂರು, ಇನ್ನೂರೈವತ್ತು, ನೂರು... ಕರಕಲಾದ ಎಲೆಗಳನ್ನು ಅವನು ಕತ್ತರಿಸುತ್ತಿದ್ದ. ಮೂರ್ನಾಲ್ಕು ಗಿಡಗಳ ನಡುವಿನಿಂದ ಹಸಿರು ಸುಳಿ ಇಣುಕುತ್ತಿತ್ತು. ಉಳಿದವು ಏನಾಗುತ್ತವೋ ಹೇಳುವಂತಿರಲಿಲ್ಲ.

ಟೀಚರ್ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮಗಳನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು.

"ಯಾರು ಗುಬ್ಬಿ, ಇವರು?"

ಕತ್ತರಿ ನಿಂತಿತು. ಗುಬ್ಬಿಯ ಕಣ್ಣು ತುಂಬಿಬಂತು. ಅವಳು ಬಾಯಿ ತೆರೆಯುವ ಮೊದಲೇ ಅವನು ಎದ್ದು ಬಂದು ಕುರ್ಚಿಯ ಮುಂದೆ ಮಂಡಿಯೂರಿ ಕುಳಿತ. ತಾನು ಬ್ಯಾಟರಿ ಅಂಗಡಿಯವನು, ಗಿಡಗಳಿಗೆ ನೀರು ತಂದಿದ್ದೇನೆ ಎಂದು, ಮೊದಲ ಸಲ ಹೇಳುವವನ ಹಾಗೆ ಹೇಳಿದ. ಒಳ್ಳೆಯದಾಯಿತು, ಈ ಬಿಸಿಲಿಗೆ ನೀರು ಬೇಕೇ ಬೇಕು ಎಂದು ಟೀಚರ್ ತಲೆಯಾಡಿಸಿ, ಆಯಾಸವಾಯಿತೆಂದು ಒಳಗೆ ಹೋಗಿ ಮಲಗಿದಳು.

ಗುಬ್ಬಿ ಇನ್ನೊಂದು ಕುಂಡದ ತಳಕ್ಕೆ ಮೀಟರು ಹಿಡಿದಳು.

"ನಾಳೆ ಅವಳಿಗೆ ನೆನಪಾಗಬಹುದು" ಎಂದಳು ಗುಬ್ಬಿ. "ನಾಡಿದ್ದು ಮತ್ತೆ ಮರೆತುಹೋಗಬಹುದು. ಒಂದು ದಿನ ನನ್ನನ್ನೂ ಮರೀತಾಳೆ. ನನ್ನ ಜೊತೆ ಬಂದ್ರೆ ಇದೆಲ್ಲ ಜೊತೆಗೇ ಬರುತ್ತೆ. ಯೋಚನೆ ಮಾಡಿ ನೋಡಿ."

"ನೋಡಿ ಆಯ್ತು."

"ಯಾವಾಗ?"

"ಟೀಚರ್ ನನ್ನನ್ನ ಯಾರು ಅಂತ ಕೇಳಿದಾಗ. ಅಪ್ಪನ ಹತ್ರ ಒಂದು ಸಲವೂ ಹಾಗೆ ಮಂಡಿಯೂರಿ ಕೂತಿರಲಿಲ್ಲ ನಾನು." ಅವನ ದನಿ ಒದ್ದೆಯಾಗಿತ್ತು. "ಅವರು ದಿನಾ ಕೇಳ್ಲಿ, ದಿನಾ ಹೇಳ್ತೀನಿ. ನೀವು ಕೇಳಿದ್ರೂ ಹೇಳ್ತೀನಿ... ನಿಮ್ಮನ್ನು ಬಿಟ್ಟು ಇರೋಕೆ ನನ್ನಿಂದ ಆಗಲ್ಲ."

ಅವಳು ಮೀಟರನ್ನು ಕೆಳಗಿಟ್ಟಳು. ಪಾಚಿ ಮೆತ್ತಿದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ನಾಳೆ ಅಮ್ಮ ಮತ್ತೆ ಕೇಳಿದ್ರೆ ಬ್ಯಾಟರಿ ಅಂಗಡಿಯವನು ಅಂತ ಹೇಳಬೇಡ."

ಆ ಏಕವಚನಕ್ಕೆ ಅವನು ಬೆರಗಾಗಿ ಅವಳನ್ನೇ ನೋಡಿದ.

"ಮತ್ತೆ ಏನಂತ ಹೇಳ್ಲಿ?"

"ಅಳಿಯ ಅಂತ ಹೇಳು."